ಮಂಡಕ್ಕಿ ತಿನ್ನುವಷ್ಟೂ ಹೊತ್ತಿಲ್ಲ

ಕೇಳುಗರೇ, ನಮಸ್ಕಾರ.

ಶಿವಮೊಗ್ಗದಿಂದ ಕೊಲ್ಲೂರಿಗೆ ಒಂದೇ ದಿನದಲ್ಲಿ ಆರಾಮಾಗಿ ಹೋಗಬಹುದು. ಆದರೂ ನಾವು ಸಾಗರದಲ್ಲಿ ಒಂದು ರಾತ್ರಿ ಉಳಿದೇ ಹೋಗುತ್ತೇವೆ. ಹಳೇ ಚಾಳಿ. ಮೊದಲೆಲ್ಲ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಶರಾವತಿ ಹಿನ್ನೀರು ದಾಟುವುದು ಬೆಳಗ್ಗೆಯೇ.

ಈ ಸಲ ಹೊರಟಾಗ ಅಡಿಕೆ ಕೊಯ್ಲಿನ ಕಾಲ. ಆನಂದಪುರ ದಾಟಿದ ಮೇಲೆ ಅಂಗಳಗಳಲ್ಲಿ ಅಡಿಕೆ ಬೇಯಿಸುವ ಹಂಡೆಗಳು, ಅದರ ಒಗರು ವಾಸನೆ. ಸಾಗರದಲ್ಲಿ ಲಾಡ್ಜಿಗೆ ಚೀಲ ಹಾಕಿ ಪೇಟೆ ಸುತ್ತಿದೆವು. ಗುಡಿಗಾರರ ಗಂಧದ ಕೆತ್ತನೆ ನೋಡಿದ್ದಷ್ಟೇ, ಕೊಂಡಿದ್ದು ತೊಡದೇವು. ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲು, ಅಕ್ಕಿಯ ಹಿಟ್ಟು ಸವರಿ, ಕಾಗದದಂತೆ ಬಿಡಿಸುವ ಸಿಹಿ. ಕಾರಿನಲ್ಲಿ ಒಯ್ದರೆ ಪುಡಿಪುಡಿ. ಅಲ್ಲೇ ತಿಂದು ಮುಗಿಸಿದೆವು.

ಬೆಳಗ್ಗೆ ಹತ್ತಿರದ ಇಕ್ಕೇರಿ. ಅಘೋರೇಶ್ವರ ಗುಡಿಯ ನೆಲದಲ್ಲಿ ಮೂವರು ಕೆಳದಿ ನಾಯಕರು ಅಡ್ಡಬಿದ್ದಂತೆ ಕೆತ್ತಿದ್ದಾರೆ, ಹೆಸರಿನ ಸಮೇತ. ಆಳಿದವರು ಹೀಗೆ ಜನರ ಕಾಲಡಿ ಮಲಗುವುದು ಅಪರೂಪ ಅಲ್ವಾ?

ಆಮೇಲೆ ಹಿನ್ನೀರಿನ ಈಚೆ ದಡದ ಅಂಬಾರಗೋಡ್ಲು. ಅಲ್ಲಿ ಈಗ ಸೇತುವೆ. 2025ರ ಜುಲೈನಲ್ಲಿ ತೆರೆದದ್ದು, 2.44 ಕಿಲೋಮೀಟರ್ ಉದ್ದ, ನಡುವೆ ಉಕ್ಕಿನ ಹಗ್ಗಗಳು ಹಿಡಿದು ನಿಲ್ಲಿಸಿದ ಭಾಗ. ನನಗೆ ಲಾಂಚ್ ಇಷ್ಟವಿತ್ತು. ಕಾರು, ಬಸ್ಸು, ಜನ ಎಲ್ಲ ಒಟ್ಟಿಗೆ ತೇಲುವುದು, ಗಾಳಿಗೆ ನಿಂತು ಮಂಡಕ್ಕಿ ಮೆಲ್ಲುವುದು. 'ಆ ಮಜಾ ಹೋಯ್ತು' ಎಂದು ಗೂಡಂಗಡಿಯಲ್ಲಿ ಸುಮ್ನೆ ಅಂದೆ. ಚಹಾ ಸೋಸುತ್ತಿದ್ದ, ಆಚೆ ದಡದ ತುಮರಿ ಕಡೆಯ ಅಮ್ಮ ತಲೆ ಎತ್ತಲಿಲ್ಲ. 'ನಿಮಗೆ ಮಜಾ ಸ್ವಾಮಿ. ರಾತ್ರಿ ಹೆರಿಗೆ ನೋವು ಬಂದವಳಿಗೆ?' ಎಂದರು.

ಉತ್ತರ ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಕೊಟ್ಟ ಆ ನೀರು ಇವರ ದಾರಿಯನ್ನೇ ನುಂಗಿತ್ತು. ಅರವತ್ತು ವರ್ಷ ಇವರು ದಡದಲ್ಲಿ ಕಾದರು. ನಾನು ಕಾದದ್ದು ವರ್ಷಕ್ಕೊಂದು ದಿನ, ಅದೂ ರಜೆಯಲ್ಲಿ.

ಚಹಾದ ದುಡ್ಡು ಕೊಟ್ಟು, ಅಭ್ಯಾಸಬಲದಿಂದ ಮಂಡಕ್ಕಿಯನ್ನೂ ಕಟ್ಟಿಸಿಕೊಂಡೆ. ಕಾರು ಸೇತುವೆ ಹತ್ತಿತು. ಎರಡೂ ಕಡೆ ನೀರು, ಮುಳುಗಿ ಒಣಗಿದ ಮರಗಳ ಬೊಡ್ಡೆಗಳು. ಪೊಟ್ಟಣದ ದಾರ ಬಿಚ್ಚುವಷ್ಟರಲ್ಲಿ ಆಚೆ ದಡದ ಕಳಸವಳ್ಳಿ ಬಂತು.