ಮೂವತ್ತು ಸಾವಿರದ ಲೆಕ್ಕ, ಒಂದು ಟಾರ್ಕ್ ಕನ್ವರ್ಟರ್

ನಮಸ್ಕಾರ. ಬೆಳಿಗ್ಗೆ ಆರೂಮುಕ್ಕಾಲು ಗಂಟೆಯಾಗಿದೆ, ಕ್ಯಾತ್ಸಂದ್ರದ ಟೋಲ್ ದಾಟಿ ನೆಲಮಂಗಲದ ಕಡೆಗೆ ಹೊರಟಿದ್ದೇನೆ. ವೇಗ ಎಪ್ಪತ್ತರ ಆಸುಪಾಸಿನಲ್ಲಿದ್ದು, ಆಕ್ಸಿಲರೇಟರಿನ ಮೇಲೆ ಕಾಲು ಹಗುರವಾಗಿರುವಾಗ ಒಳಗಿನ ಕನ್ನಡಿ ಹೇಗೆ ನಡುಗುತ್ತಿದೆ ಎಂಬುದನ್ನು ಗಮನಿಸಿ. ರಸ್ತೆ ಇಲ್ಲಿ ನುಣುಪಾಗಿದೆ, ಚಕ್ರಗಳ ಬ್ಯಾಲೆನ್ಸಿಂಗ್ ಕಳೆದ ತಿಂಗಳಷ್ಟೇ ಆಗಿದೆ. ಹಿಂದೆ ಯಾವ ವಾಹನವೂ ಇಲ್ಲವೆಂದು ನೋಡಿಕೊಂಡು, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಿಂದಿನ ದೀಪ ಹೊತ್ತಿಕೊಳ್ಳುವಷ್ಟು ಮಾತ್ರ ಮುಟ್ಟುತ್ತೇನೆ. ನಡುಕ ನಿಂತಿತು. ಕಾಲು ತೆಗೆದರೆ ಮತ್ತೆ ಬಂತು. ಬ್ರೇಕಿನ ಸ್ವಿಚ್ ಒತ್ತಿದ ಕೂಡಲೇ ಗೇರ್‌ಬಾಕ್ಸಿನ ಕಂಪ್ಯೂಟರ್, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ಚನ್ನು ಬಿಡಿಸುವುದರಿಂದ, ದೋಷ ಅಲ್ಲಿಯೇ ಇದೆ ಎಂದು ಬಹುಮಟ್ಟಿಗೆ ತಿಳಿದಂತಾಯಿತು.

ಇದು ನಾಲ್ಕು ಗೇರಿನ, ಹಳೆಯ ಬಗೆಯ ಆಟೋಮ್ಯಾಟಿಕ್ ಪೆಟ್ರೋಲ್ ಕಾರು. ದಿನವೂ ತುಮಕೂರಿನಿಂದ ಪೀಣ್ಯಕ್ಕೆ ಹೋಗಿ ಬರಬೇಕು. ಕನ್ವರ್ಟರ್ ಹೇಗಿದ್ದರೂ ಬದಲಾಗಬೇಕಾದ್ದರಿಂದ ಇದ್ದದ್ದಕ್ಕಿಂತ ಉತ್ತಮವಾದುದನ್ನೇ ಹಾಕಿಸೋಣ ಎಂದು ಮೂವತ್ತು ಸಾವಿರ ರೂಪಾಯಿ ತೆಗೆದಿಟ್ಟೆ. ಕಂಪನಿಯ ಹೊಸ ಭಾಗಕ್ಕೆ ಮಾತ್ರವೇ ಅರವತ್ತೆಂಟು ಸಾವಿರ ಹೇಳಿದರು, ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಕನ್ವರ್ಟರಿನೊಳಗೆ ಎಂಜಿನ್ ತಿರುಗಿಸುವ ಇಂಪೆಲರ್ ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸಿಗೆ ಸೇರಿದ ಟರ್ಬೈನ್ ಆ ಎಣ್ಣೆಯ ರಭಸಕ್ಕೆ ತಿರುಗುತ್ತದೆ, ನಡುವಿನ ಸ್ಟೇಟರ್ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ಹೊರಳಿಸಿ ಹೊರಡುವ ಕ್ಷಣದಲ್ಲಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹತ್ತಿರ ಹತ್ತಿರ ಎರಡು ಪಟ್ಟು ಮಾಡುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಇದರ ಪೇಟೆಂಟ್ ಪಡೆದಾಗ ಲಾಕಪ್ ಕ್ಲಚ್ ಇರಲಿಲ್ಲ. ಎಣ್ಣೆಯ ಜಾರುವಿಕೆಯಲ್ಲಿ ಶಕ್ತಿ ವ್ಯರ್ಥವಾಗದಂತೆ, ಸಮವೇಗದಲ್ಲಿ ಎರಡೂ ಬದಿಗಳನ್ನು ನೇರವಾಗಿ ಕಚ್ಚಿಸಲು ಅದು ಆಮೇಲೆ ಬಂತು. ನನ್ನ ಕಾರಿನಲ್ಲಿ ಸವೆದಿರುವುದು ಆ ಕ್ಲಚ್ಚಿನ ಲೈನಿಂಗ್.

ಎರಡು ವಾರ ನಾನು ಹೈ ಸ್ಟಾಲ್ ಕನ್ವರ್ಟರೇ ಬೇಕೆಂದು ಪಟ್ಟು ಹಿಡಿದಿದ್ದೆ. ಬ್ರೇಕ್ ಹಿಡಿದು ಕಾರು ಕದಲದಂತೆ ನಿಲ್ಲಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಏರಬಲ್ಲ ಗರಿಷ್ಠ ವೇಗವೇ ಸ್ಟಾಲ್ ವೇಗ. ಟೋಲ್ ಬಿಟ್ಟು ಹೊರಡುವಾಗ ಈ ಕಾರು ತುಂಬ ತಡವರಿಸುತ್ತದೆ. ಇಂಪೆಲರಿನ ಬ್ಲೇಡುಗಳನ್ನು ಬಾಗಿಸಿ ಸ್ಟಾಲ್ ವೇಗವನ್ನು ಮೂರು ಸಾವಿರ ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತಿಗೆ, ಏರಿಸಿಕೊಡುತ್ತೇನೆ, ನಾಲ್ಕು ಸಾವಿರ ರೂಪಾಯಿ ಹೆಚ್ಚಾಗುತ್ತದೆ ಎಂದು ಒಬ್ಬರು ಹೇಳಿದ್ದರು. ಆದರೆ ನೆಲಮಂಗಲದ ದಟ್ಟಣೆಯಲ್ಲಿ ನನ್ನ ಎಂಜಿನ್ ಎರಡು ಸಾವಿರ ಆರ್‌ಪಿಎಂ ದಾಟುವುದೇ ಅಪರೂಪ, ಆ ನಿಧಾನ ವೇಗದಲ್ಲಿ ಲಾಕಪ್ ಕೂಡ ಕಚ್ಚುವುದಿಲ್ಲ. ಹಾಗಾದರೆ ಅಷ್ಟು ಹೊತ್ತೂ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಜಾರಿದ್ದೆಲ್ಲವೂ ಎಣ್ಣೆಯಲ್ಲಿ ಬಿಸಿಯಾಗುತ್ತದೆ. ರೇಸಿಗೆ ಒಪ್ಪುವ ಆ ಕೆಲಸ ಕಚೇರಿಗೆ ಹೋಗುವ ಕಾರಿಗೆ ಬೇಡವೇ ಬೇಡ ಎಂಬುದು ಈಗ ನನ್ನ ಖಚಿತವಾದ ಅಭಿಪ್ರಾಯ.

ಈಗ ಕಾಣುತ್ತಿರುವುದು ನಮ್ಮ ಹಿತ್ತಿಲು. ಹಣ ಉಳಿಸಲು ಬೆಂಗಳೂರಿನ ಗುಜರಿ ಅಂಗಡಿಯೊಂದರಿಂದ ಎಂಟೂವರೆ ಸಾವಿರಕ್ಕೆ ತಂದ ಕನ್ವರ್ಟರ್ ಇದು. ಹೊರಗಿನ ಕಪ್ಪು ಬಣ್ಣ ಹೊಚ್ಚ ಹೊಸದು. ಒಳಗಿದ್ದ ಎಣ್ಣೆಯನ್ನು ಅಗಲವಾದ ಸ್ಟೀಲ್ ತಟ್ಟೆಗೆ ಬಗ್ಗಿಸುತ್ತಿದ್ದೇನೆ, ಬಣ್ಣ ನೋಡಿ. ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತಿದೆ, ಅಡಿ ಹಿಡಿದ ಪಾತ್ರೆಯ ವಾಸನೆ ಬರುತ್ತಿದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಆಡಿಸಿದರೆ ಕಪ್ಪು ರಾಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಅಂಟದೆ ಉಳಿದದ್ದನ್ನು ಬಿಸಿಲಿಗೆ ಓರೆ ಮಾಡಿದಾಗ ಹಿತ್ತಾಳೆಯ ಪುಡಿಯಂಥ ಕಣಗಳು ಮಿನುಗುತ್ತವೆ, ಅದು ಬುಶ್ಶಿನ ಸವೆತ. ಎಣ್ಣೆ ಪಂಪಿನ ಸೀಲ್ ಕೂರುವ ಕುತ್ತಿಗೆಯ ಮೇಲೆ ಉಗುರು ಎಳೆದರೆ ಗೀರಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಹಾಕಿದ್ದರೆ ಈ ಪುಡಿಯೆಲ್ಲ ಎಣ್ಣೆಯ ಹರಿವನ್ನು ಹಂಚುವ ಗೇರ್‌ಬಾಕ್ಸಿನ ವಾಲ್ವ್ ಬಾಡಿಗೆ ಸೇರಿ, ಚೆನ್ನಾಗಿರುವ ಗೇರ್‌ಬಾಕ್ಸೂ ಕೆಡುತ್ತಿತ್ತು. ಅಂಗಡಿಗೆ ವಾಪಸ್ ಒಯ್ದಾಗ ಅರ್ಧ ದಿನ ನಿಲ್ಲಿಸಿ ಐದು ಸಾವಿರ ಮಾತ್ರ ಕೊಟ್ಟರು. ಮೂರೂವರೆ ಸಾವಿರ ಹೋದದ್ದಕ್ಕಿಂತ, ಸತ್ತ ವಸ್ತುವಿಗೆ ಬಣ್ಣ ಬಳಿದು ಒಬ್ಬರ ಕುಟುಂಬ ಓಡಾಡುವ ಕಾರಿಗೆ ಮಾರುತ್ತಾರಲ್ಲ, ಅದು ನನಗೆ ತಡೆಯಲಾಗದ ಸಿಟ್ಟು ತರಿಸಿತು.

ಕೊನೆಗೆ ನನ್ನ ಕನ್ವರ್ಟರನ್ನೇ ರೀಬಿಲ್ಡ್ ಮಾಡಿಸಿದೆ. ಮೊದಲು ಕೇಳಿದ ಕಡೆ ಕೊಯ್ದು, ತೊಳೆದು, ಮತ್ತೆ ವೆಲ್ಡ್ ಮಾಡುವುದಷ್ಟನ್ನೇ ರೀಬಿಲ್ಡ್ ಎನ್ನುತ್ತಿದ್ದರು, ಲೈನಿಂಗಿನ ಮಾತೇ ಇರಲಿಲ್ಲ. ನಾನು ಒಪ್ಪಿಸಿದ ಕಡೆ ಲೇತಿನಲ್ಲಿ ಕೊಯ್ದು, ಮೊದಲಿನದಕ್ಕಿಂತ ಹೆಚ್ಚು ಶಾಖ ತಡೆಯುವ ಲಾಕಪ್ ಲೈನಿಂಗ್, ಹೊಸ ಬೇರಿಂಗ್, ಹೊಸ ಸೀಲ್ ಹಾಕಿದರು. ಸ್ಟೇಟರ್ ಒಂದೇ ದಿಕ್ಕಿಗೆ ತಿರುಗುವುದನ್ನು ಕೈಯಿಂದಲೇ ತಿರುಗಿಸಿ ತೋರಿಸಿದರು. ವೆಲ್ಡ್ ಆದ ಮೇಲೆ ಡಯಲ್ ಗೇಜ್ ಇಟ್ಟು ಓರೆ ಅಳೆದು, ಬ್ಯಾಲೆನ್ಸ್ ಮಾಡಿ, ಸೋರಿಕೆಯ ಪರೀಕ್ಷೆ ಮಾಡಿದರು. ಸ್ಟಾಲ್ ವೇಗವನ್ನು ಕಾರ್ಖಾನೆಯ ಅಳತೆಯಲ್ಲೇ ಉಳಿಸಿಕೊಂಡೆ. ಇಪ್ಪತ್ತೆರಡು ಸಾವಿರ, ಅದಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿ 25,960 ರೂಪಾಯಿ. ಬಿಲ್ಲಿಲ್ಲದಿದ್ದರೆ ಕಡಿಮೆಯಾಗುತ್ತಿತ್ತು. ಆದರೆ ವಾರಂಟಿ ಕೇಳಲು ಬಿಲ್ಲೇ ಆಧಾರವಲ್ಲವೇ?

ಎಣ್ಣೆಯ ಕೂಲರ್ ಬೇಡವೆಂದಿದ್ದೆ. ಹಿತ್ತಿಲಿನ ಆ ತಟ್ಟೆ ನೋಡಿದ ಮೇಲೆ ಮನಸ್ಸು ಬದಲಾಯಿತು. ಕೂಲರ್ ಮತ್ತು ಪೈಪಿಗೆ 4,800, ಏಳು ಲೀಟರ್ ಎಟಿಎಫ್‌ಗೆ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ, 4,550, ಕೂಲಿ ಏಳು ಸಾವಿರ. ಒಟ್ಟು 42,310. ಬಜೆಟ್ ಮೀರಿತು, ಆದರೂ ಕೂಲರಿಗೆ ಕೊಟ್ಟ ಹಣದ ಬಗ್ಗೆ ನನಗೆ ಚೂರೂ ಬೇಸರವಿಲ್ಲ.

ಗೇರ್‌ಬಾಕ್ಸ್ ಇಳಿಸುವುದನ್ನು ವೇಗವಾಗಿ ಓಡಿಸಿದ್ದೇನೆ, ಇಲ್ಲಿ ಮಾತ್ರ ನಿಲ್ಲಿಸುತ್ತೇನೆ. ಸುಮಾರು ಒಂದು ಲೀಟರ್ ಎಣ್ಣೆ ತುಂಬಿ ಕನ್ವರ್ಟರನ್ನು ಒಳಗೆ ತಳ್ಳುತ್ತಾ ತಿರುಗಿಸುವಾಗ ಕೇಳುವ ಟಕ್, ಟಕ್, ಟಕ್ ಎಂಬ ಮೂರು ಸದ್ದನ್ನು ಕೇಳಿಸಿಕೊಳ್ಳಿ. ಮೂರನೆಯದು ಪಂಪಿನ ಹಲ್ಲಿಗೆ ಕೂತದ್ದು. ಅದು ಕೂರದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಮೆಕ್ಯಾನಿಕ್ ಎರಡಕ್ಕೇ ನಿಲ್ಲಿಸಿದ್ದರು, ನಾನು ಕೇಳಿಕೊಂಡ ಮೇಲೆ ಇನ್ನೊಮ್ಮೆ ತಿರುಗಿಸಿದರು.

ಈಗ ದೇವರಾಯನದುರ್ಗದ ಏರು. ಕಳೆದ ಸಲ ಇದೇ ತಿರುವಿನಲ್ಲಿ ಸ್ಕ್ಯಾನರ್ ಗೇರ್‌ಬಾಕ್ಸ್ ಎಣ್ಣೆಯ ಬಿಸಿಯನ್ನು 107 ಡಿಗ್ರಿ ತೋರಿಸಿತ್ತು, ಇಂದು 91 ತೋರಿಸುತ್ತಿದೆ. ಇಳಿದು ಹೆದ್ದಾರಿಗೆ ಬಂದಿದ್ದೇನೆ, ವೇಗ ಎಪ್ಪತ್ತು, ಕಾಲು ಹಗುರ, ಕನ್ನಡಿ ಅಲುಗುತ್ತಿಲ್ಲ. ಸಾವಿರ ಕಿಲೋಮೀಟರ್ ಆದ ಮೇಲೆ ಎಣ್ಣೆಯನ್ನು ಅದೇ ತಟ್ಟೆಗೆ ಇಳಿಸಿ ತೋರಿಸುತ್ತೇನೆ. ಟೋಲ್ ಬಂತು, ಕ್ಯಾಮೆರಾ ನಿಲ್ಲಿಸುತ್ತಿದ್ದೇನೆ.