ಆಸ್ಪತ್ರೆ ಬ್ಯಾಗಿಗೆ ಬ್ರಷ್ ಹಾಕಿದ್ರಾ?

ನಮಸ್ಕಾರ. ಆಸ್ಪತ್ರೆಯಲ್ಲಿ ಮಲಗಿದವರಿಗೆ ದಿನಾ ಹಲ್ಲುಜ್ಜಿಸಿ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಂದು ಕಾಮೆಂಟ್ ಬಂತು. "ಐಸಿಯುನಲ್ಲಿ ಉಸಿರಿಗೇ ಒದ್ದಾಡ್ತಿರೋವಾಗ ಹಲ್ಲುಜ್ಜೋ ಮಾತಾ ಮೇಡಂ?" ಹೌದು ಸ್ವಾಮಿ, ಅದೇ ಮಾತು. ಉಸಿರಿಗೆ ಒದ್ದಾಡುತ್ತಿದ್ದಾರೆ ಅಂತಲೇ ಹಲ್ಲುಜ್ಜಿಸಬೇಕು.

ನಮ್ಮಜ್ಜಿ ಸ್ಟ್ರೋಕ್ ಆಗಿ ವಾರ್ಡಿನಲ್ಲಿ ಮಲಗಿದ್ದರು. ನೋಡಲು ಬಂದವರೆಲ್ಲ ಮೂಸಂಬಿ, ಬ್ರೆಡ್ಡು, ಎಳನೀರು ತಂದರು. ಪಕ್ಕದ ಮೇಜಿನ ಮೇಲೆ ಜಾಗವೇ ಇರಲಿಲ್ಲ. ಬ್ರಷ್ ಮಾತ್ರ ಯಾರೂ ತಂದಿರಲಿಲ್ಲ, ನಾವೂ ತಂದಿರಲಿಲ್ಲ. ಆರನೇ ದಿನ ಮೊಬೈಲ್ ಟಾರ್ಚ್ ಹಾಕಿ ಬಾಯೊಳಗೆ ನೋಡಿದೆ. ನಾಲಿಗೆ ಮೇಲೆ ಕಂದು ಪದರ ಒಣಗಿ ಬಿರುಕು ಬಿಟ್ಟಿತ್ತು. ಸ್ವಾಧೀನವಿಲ್ಲದ ಬಲಗೆನ್ನೆಯ ಒಳಗೆ ಹಿಂದಿನ ರಾತ್ರಿಯ ಮಾತ್ರೆ ಅರ್ಧ ಕರಗಿ ಅಂಟಿಕೊಂಡಿತ್ತು. ದಿನಾ ಮುಖ ಒರೆಸಿದ್ದೆವು, ತಲೆ ಬಾಚಿದ್ದೆವು. ಬಾಯಿ ತೆರೆದು ನೋಡಿರಲಿಲ್ಲ.

ಇದು ಬರೀ ವಾಸನೆಯ ವಿಷಯ ಅಲ್ಲ. ಹಲ್ಲಿನ ಪಾಚಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಗಟ್ಟಿಯಾಗಿರುವವರಿಗೆ ಎಂಜಲು ಬಾಯಿ ತೊಳೆಯುತ್ತದೆ, ಕೆಮ್ಮು ಕಾಪಾಡುತ್ತದೆ. ಮಲಗಿದವರಿಗೆ ಆಕ್ಸಿಜನ್, ಔಷಧಿಗಳಿಂದ ಬಾಯಿ ಒಣಗುತ್ತದೆ. ನುಂಗಲು ಕಷ್ಟ. ಆ ಕೊಳೆ ಎಂಜಲು ತೊಟ್ಟು ತೊಟ್ಟಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ನ್ಯುಮೋನಿಯಾ ಶುರುವಾಗುವುದು ಹೀಗೆ. ವೆಂಟಿಲೇಟರ್ ಅಂದರೆ ಉಸಿರಾಟದ ಯಂತ್ರದ ಕೊಳವೆಗೆ ಸುತ್ತಲೂ ಸೋರದಂತೆ ಬಲೂನ್ ಇರುತ್ತದೆ ನಿಜ, ಅದರ ಅಂಚಲ್ಲೂ ಎಂಜಲು ಜಾರುತ್ತದೆ. ಅದಕ್ಕೇ ಬ್ರಷ್.

2023ರ ಕೊನೆಗೆ ಜಾಮಾ ಇಂಟರ್ನಲ್ ಮೆಡಿಸಿನ್ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ 15 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ವರದಿ ಬಂತು. ದಿನಾ ಹಲ್ಲುಜ್ಜಿಸಿದವರಲ್ಲಿ ಆಸ್ಪತ್ರೆಯಲ್ಲಿ ಅಂಟುವ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐಸಿಯು ಸಾವುಗಳೂ ಕಡಿಮೆ. ದಿನಕ್ಕೆ ಎರಡು ಸಲ ಸಾಕು, ಅದಕ್ಕಿಂತ ಜಾಸ್ತಿ ಉಜ್ಜಿದರೆ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೇ ಎರಡು ಸಲ!

"ಮೌತ್‌ವಾಶ್ ಹಾಕ್ತಾರಲ್ಲ?" ಅಂತೀರಿ. ಜಿಡ್ಡಿನ ಬಾಣಲೆಗೆ ಸೋಪಿನ ನೀರು ಸುರಿದು ತೊಳೆದಾಯ್ತು ಅಂತೀರಾ? ಉಜ್ಜಬೇಕು. ವೆಂಟಿಲೇಟರ್ ರೋಗಿಗಳಿಗೆ ಬ್ರಷ್ ಬೇಕು, ಕ್ಲೋರ್‌ಹೆಕ್ಸಿಡಿನ್ (ಮೌತ್‌ವಾಶ್‌ಗೆ ಹಾಕುವ ಕ್ರಿಮಿನಾಶಕ) ಬೇಡ ಅಂತ 2022ರ ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ.

"ಸಿಸ್ಟರ್ ನೋಡ್ಕೋತಾರೆ." ರಾತ್ರಿ ವಾರ್ಡಿಗೆ ಹೋಗಿ ನೋಡಿ. ಎಷ್ಟು ಮಂಚ, ಎಷ್ಟು ಸಿಸ್ಟರ್? ಕೊಳವೆ ಹಾಕಿದವರನ್ನು ನೀವು ಮುಟ್ಟಬೇಡಿ, ಅದು ಅವರ ಕೆಲಸ. ಆದರೆ ಕೇಳಿ: "ಸಿಸ್ಟರ್, ಇವತ್ತು ಬ್ರಷ್ ಆಯ್ತಾ?" ವಾರ್ಡಿನಲ್ಲಿರುವವರಿಗೆ ಅವರನ್ನೇ ಕೇಳಿ ಕಲಿತು ನೀವೇ ಮಾಡಿ. ಮಕ್ಕಳ ಮೆತ್ತನೆ ಬ್ರಷ್, ಚೂರೇ ಪೇಸ್ಟ್. ತಲೆ ಎತ್ತರ ಮಾಡಿ, ಪಕ್ಕಕ್ಕೆ ತಿರುಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಸುರಿಯಲೇಬೇಡಿ. ಕಟ್ಟುಹಲ್ಲು ಇದ್ದರೆ ರಾತ್ರಿ ತೆಗೆದಿಡಿ.

ಮುಂದಿನ ವಿಡಿಯೋದಲ್ಲಿ ಐಸಿಯು ಸಿಸ್ಟರ್ ಒಬ್ಬರು ಗೊಂಬೆ ಇಟ್ಟು ತೋರಿಸ್ತಾರೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆ ಗ್ರೂಪಿಗೆ ಹಾಕಿ. ಹಾಕಿ ಅಂದ್ರೆ ಹಾಕಿ, ಸುಮ್ನೆ ಹೇಳ್ತಿಲ್ಲ.

ಬ್ರಷ್, ಬ್ರಷ್, ಬ್ರಷ್. ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಅವತ್ತು ಕೆಳಗಿನ ಮೆಡಿಕಲ್‌ನಿಂದ ಹಳದಿ ಬ್ರಷ್ ತಂದು ಉಜ್ಜಿಸಿದೆ. ಆರು ದಿನದಿಂದ ತೊದಲುತ್ತಿದ್ದ ಅಜ್ಜಿ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಇನ್ನೊಂದು ಕಡೆಗೆ ಎಳೆದರು. ಆ ಕಡೆಯೂ ಉಜ್ಜು ಅಂತ.