ತೋಟದ ಕೋತಿ ನಮಗೆ ಎಷ್ಟು ಹತ್ತಿರದ ನೆಂಟ? ಮನುಷ್ಯನ ವೈಜ್ಞಾನಿಕ ಹೆಸರಿನ ಕಥೆ

[ದೃಶ್ಯ: ವಿರಾಜಪೇಟೆ ಹತ್ತಿರದ ಕಾಫಿ ತೋಟ, ಸಿಲ್ವರ್ ಓಕ್ ಮರದಲ್ಲಿ ಕೋತಿಗಳ ಗುಂಪು]

ನಮಸ್ಕಾರ. ಕೊಡಗಿನ ಮೂರು ಪ್ರಾಣಿಗಳನ್ನು ನೆನಪು ಮಾಡಿಕೊಳ್ಳಿ. ತೋಟಕ್ಕೆ ನುಗ್ಗುವ ಕೋತಿ, ರಾತ್ರಿ ಮರದಲ್ಲಿ ಮೆಲ್ಲಗೆ ಓಡಾಡುವ ಕಾಡುಪಾಪ, ಮೂರನೆಯದು ನಾವು. ಇವುಗಳಲ್ಲಿ ಯಾವ ಎರಡು ಹೆಚ್ಚು ಹತ್ತಿರದ ನೆಂಟರು? ಕೋತಿ ಮತ್ತು ಕಾಡುಪಾಪ ಅಂತ ಹೇಳಬೇಕು ಅನಿಸುತ್ತದೆ, ಅಲ್ವಾ? ಅಲ್ಲ. ಕೋತಿಗೆ ಕಾಡುಪಾಪಕ್ಕಿಂತ ನಾವೇ ಹತ್ತಿರ. ನೋಡಲು ಹೇಗಿದೆ ಅನ್ನುವುದಕ್ಕಿಂತ ಯಾವುದು ಯಾವ ಕವಲಿನಿಂದ ಬಂತು ಅನ್ನುವುದೇ ಇವತ್ತಿನ ವರ್ಗೀಕರಣಕ್ಕೆ ಮುಖ್ಯ.

ಈ ಮೂರೂ ಒಂದೇ ಗಣಕ್ಕೆ ಸೇರುತ್ತವೆ. ಅದರ ಹೆಸರು ಪ್ರೈಮೇಟ್ಸ್. ಬ್ರಹ್ಮಗಿರಿ ಕಡೆಯ ಸಿಂಗಳೀಕವೂ ಇದರಲ್ಲೇ ಇದೆ. ಮೇಲಿಂದ ಇಳಿದರೆ ನಮ್ಮ ವಿಳಾಸ ಹೀಗೆ: ಪ್ರಾಣಿ ಸಾಮ್ರಾಜ್ಯ, ಕಾರ್ಡೇಟಾ ವಂಶ, ಸಸ್ತನಿ ವರ್ಗ, ಪ್ರೈಮೇಟ್ಸ್ ಗಣ, ಹೋಮಿನಿಡೇ ಕುಟುಂಬ, ಹೋಮೋ ಜೀನಸ್ (ಹತ್ತಿರದ ಪ್ರಭೇದಗಳ ಗುಂಪು), ಕೊನೆಗೆ ಸೇಪಿಯನ್ಸ್ ಪ್ರಭೇದ.

[ದೃಶ್ಯ: ಕಾಫಿ ಹಣ್ಣುಗಳು, ಒಂದು ಕಡೆ ಅರೇಬಿಕಾ, ಒಂದು ಕಡೆ ರೋಬಸ್ಟಾ]

ಕೊನೆಯ ಎರಡು ಸೇರಿದರೆ ವೈಜ್ಞಾನಿಕ ಹೆಸರು: ಹೋಮೋ ಸೇಪಿಯನ್ಸ್. ಕೊಡಗಿನವರಿಗೆ ಈ ಕ್ರಮ ಹೊಸದೇನಲ್ಲ. ಕೊಡವರ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ಆ ವ್ಯಕ್ತಿಯದು. ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ. ಒಕ್ಕ ಒಂದೇ, ಜನ ಇಬ್ಬರು. ಕಾಫಿಯಲ್ಲೂ ಅಷ್ಟೇ, ಅರೇಬಿಕಾ ಅಂದರೆ ಕಾಫಿಯಾ ಅರೇಬಿಕಾ, ನಾವು ರೋಬಸ್ಟಾ ಅನ್ನುವುದು ಕಾಫಿಯಾ ಕ್ಯಾನೆಫೊರಾ. ಹೋಮೋ ಎಂಬ ಒಕ್ಕದಲ್ಲೂ ಹಿಂದೆ ತುಂಬಾ ಜನ ಇದ್ದರು. ನಿಯಾಂಡರ್ತಾಲರಿಗೆ 1864ರಲ್ಲಿ ಹೆಸರಿಟ್ಟರು, ದಕ್ಷಿಣ ಆಫ್ರಿಕಾದ ಗುಹೆಯಲ್ಲಿ ಸಿಕ್ಕ ಹೋಮೋ ನಲೇಡಿಗೆ 2015ರಲ್ಲಿ. ಅವರೆಲ್ಲ ಅಳಿದುಹೋದರು. ಈಗ ಉಳಿದಿರುವುದು ನಾವು ಮಾತ್ರ.

ನಮಗೆ ಈ ಹೆಸರಿಟ್ಟವರು ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್. ಅರೇಬಿಕಾ ಕಾಫಿಗೆ 1753ರಲ್ಲಿ ಹೆಸರು ಕೊಟ್ಟವರೂ ಅವರೇ. 1735ರಲ್ಲಿ ಅವರು ಮನುಷ್ಯನನ್ನು ಕೋತಿಗಳ ಜೊತೆ ಒಂದೇ ಗುಂಪಿಗೆ ಹಾಕಿದರು. ಡಾರ್ವಿನ್ ಹುಟ್ಟುವುದಕ್ಕೂ 70 ವರ್ಷಕ್ಕಿಂತ ಮೊದಲು! ಆಕ್ಷೇಪಗಳು ಬಂದವು. 1747ರಲ್ಲಿ ಒಬ್ಬ ವಿಜ್ಞಾನಿಗೆ ಬರೆದ ಪತ್ರದಲ್ಲಿ ಲಿನೇಯಸ್, ಮನುಷ್ಯನಿಗೂ ವಾನರನಿಗೂ ಬೇರೆ ಜೀನಸ್ ಮಾಡುವಷ್ಟು ವ್ಯತ್ಯಾಸ ಏನಿದೆ, ನನಗಂತೂ ಗೊತ್ತಿಲ್ಲ, ಗೊತ್ತಿದ್ದರೆ ತೋರಿಸಿ ಎಂಬ ಅರ್ಥದಲ್ಲಿ ಕೇಳಿದರು. ಆ ಧೈರ್ಯ ನನಗೆ ತುಂಬಾ ಇಷ್ಟ. 1758ರಲ್ಲಿ ಹೋಮೋ ಸೇಪಿಯನ್ಸ್ ಎಂಬ ಹೆಸರು ಅಚ್ಚಾಯಿತು. ಉಳಿದ ಪ್ರಾಣಿಗಳಿಗೆ ಹಲ್ಲು, ಬಾಲ, ಬಣ್ಣ ಅಂತ ಲಕ್ಷಣ ಬರೆದವರು ಮನುಷ್ಯನ ಮುಂದೆ ಬರೆದದ್ದು, ನಿನ್ನನ್ನು ನೀನೇ ತಿಳಿದುಕೋ ಎಂಬ ಲ್ಯಾಟಿನ್ ಮಾತು.

ಸಾಮಾನ್ಯವಾಗಿ ಒಂದು ಪ್ರಭೇದಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ. ಮನುಷ್ಯನಿಗೆ ಲಿನೇಯಸ್ ಹಾಗೆ ಯಾವುದನ್ನೂ ಇಡಲಿಲ್ಲ. 1959ರಲ್ಲಿ ವಿಲಿಯಂ ಸ್ಟರ್ನ್ ಎಂಬ ಸಸ್ಯವಿಜ್ಞಾನಿ, ಮಾದರಿ ಲಿನೇಯಸ್ಸೇ ಆಗಬೇಕು ಎಂದು ಬರೆದರು. ಅಂದರೆ ಉಪ್ಸಾಲಾದ ಚರ್ಚಿನಲ್ಲಿ ಮಣ್ಣಾಗಿರುವ ಆ ದೇಹವೇ ನಮ್ಮೆಲ್ಲರ ಮಾದರಿ.

[ದೃಶ್ಯ: ಮಡಿಕೇರಿ ಸಂತೆ, ಜನರ ಮುಖಗಳು]

ಆದರೆ ಅದೇ ಲಿನೇಯಸ್ ಒಂದು ದೊಡ್ಡ ತಪ್ಪನ್ನೂ ಮಾಡಿದರು, ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮನುಷ್ಯರನ್ನು ಖಂಡ ಮತ್ತು ಚರ್ಮದ ಬಣ್ಣದ ಮೇಲೆ ನಾಲ್ಕು ಭಾಗ ಮಾಡಿ, 1758ರಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ ಅಂಟಿಸಿದರು. ಯುರೋಪಿನವರಿಗೆ ಒಳ್ಳೆಯ ಮಾತು, ಆಫ್ರಿಕಾದವರಿಗೆ ಹೀನ ಮಾತು. ಅದರ ಹೆಸರಲ್ಲಿ ಮುಂದೆ ನಡೆದ ಅನ್ಯಾಯ ಸಣ್ಣದಲ್ಲ. ಇವತ್ತಿನ ಜೀವವಿಜ್ಞಾನ ಆ ಭಾಗಗಳನ್ನು ಒಪ್ಪುವುದಿಲ್ಲ. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಸಿಕ್ಕಿತು. ಹಾಗಾಗಿ ಕೊಡವರು ಅಲೆಕ್ಸಾಂಡರನ ಸೈನಿಕರ ವಂಶ ಎಂಬಂಥ ಕಥೆಗಳನ್ನು ಯಾರು ಎಷ್ಟು ಹೇಳಿದರೂ, ಕೊಡವರು, ಅರೆಭಾಷೆ ಗೌಡರು, ಯರವರು, ಜೇನುಕುರುಬರು, ಮಾಪಿಳ್ಳೆಗಳು, ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಮಿನವರು, ಎಲ್ಲರದೂ ಒಂದೇ ಪ್ರಭೇದ. ಬದುಕಿರುವ ಮನುಷ್ಯರಲ್ಲಿ ಉಪಪ್ರಭೇದ ಎಂದು ಬೇರೆ ಮಾಡಲು ಏನೂ ಇಲ್ಲ.

ಕೊನೆಗೆ ಕುಟುಂಬದ ವಿಷಯ. ಮೊದಲು ಹೋಮಿನಿಡೇ ಕುಟುಂಬದಲ್ಲಿ ನಮ್ಮನ್ನು ಮತ್ತು ಅಳಿದುಹೋದ ನಮ್ಮ ಪೂರ್ವಜರನ್ನು ಮಾತ್ರ ಇಟ್ಟು, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳನ್ನು ಪಾಂಜಿಡೇ ಎಂಬ ಬೇರೆ ಕುಟುಂಬಕ್ಕೆ ಹಾಕಿದ್ದರು. ಡಿಎನ್ಎ ನೋಡಿದಾಗ ಚಿಂಪಾಂಜಿ ಗೊರಿಲ್ಲಾಗಿಂತ ನಮಗೇ ಹತ್ತಿರ ಅಂತ ಗೊತ್ತಾಯಿತು. ಹಾಗಾದ ಮೇಲೆ ಅವುಗಳನ್ನು ಹೊರಗಿಡುವುದು ಹೇಗೆ? ಈಗ ಎಲ್ಲರೂ ಹೋಮಿನಿಡೇ. ನಿಮ್ಮ ಮನೆಯ ಹಳೆಯ ಪುಸ್ತಕದಲ್ಲಿ ಇನ್ನೂ ಪಾಂಜಿಡೇ ಅಂತ ಇದ್ದರೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಅದು ಹಳೆಯ ವಿಂಗಡಣೆ ಅಂತ ಹೇಳಿಬಿಡಿ.